ಖಡಕಪ್ಪ, ಶಿಸ್ತಪ್ಪ ಮತ್ತು ಏಳು ಕೊಡದ ಕಳ್ಳ

ಹಗಲುಗನಸು ಕಾಣುವ ಚಟದವನನ್ನು ಪೊಲೀಸ್ ಇಲಾಖೆಗೆ ಸೇರಿಸಿಕೊಂಡರೆ ಏನೇನು ಆಗಬಹುದೋ ಅದೆಲ್ಲ ನನಗೆ ಆಗಿದೆ, ನಿವೃತ್ತಿಯಾದ ಮೇಲೂ ಆಗುತ್ತಲೇ ಇದೆ. ಮೊನ್ನೆ ಬೀದರಿನ ಪಕ್ಕದ ನೌಬಾದಿನ ಮನೆಯಿಂದ ಹಾಲು ತರಲು ಹೊರಟವನು ಡೇರಿ ದಾಟಿ, ಬಡಾವಣೆ ದಾಟಿ, ಹೊಲಗಳು ಶುರುವಾಗುವ ತನಕ ನಡೆದುಬಿಟ್ಟಿದ್ದೆ. ಆಕಾಶ ಬಹಳ ಚೆನ್ನಾಗಿತ್ತು, ಅದೊಂದೇ ಕಾರಣ. ಹೆಂಡತಿ ಫೋನ್ ಮಾಡಿ, "ಎಮ್ಮಿ ಈದ ಮ್ಯಾಲ ಬರ್ತೀರೇನ್ರಿ?" ಎಂದು ಕೇಳಿದಾಗಲೇ ಕೈಯಲ್ಲಿ ಕ್ಯಾನ್ ಇರುವುದು ಗೊತ್ತಾದದ್ದು.

ಬೀದರ ಜಿಲ್ಲೆಯ ಠಾಣೆಗಳಲ್ಲಿ ನಾನು ಬಹಳ ವರ್ಷ ರೈಟರ್ ಆಗಿದ್ದೆ. ರೈಟರ್ ಅಂದರೆ ಕಥೆ ಬರೆಯುವವನಲ್ಲ. ದೂರು, ದಿನಚರಿ, ಪಂಚನಾಮೆ ಬರೆಯುವ ಪೇದೆ. ಯಾವ ಯಾವ ಠಾಣೆ ಅಂತ ಹೇಳುವುದಿಲ್ಲ, ಪಿಂಚಣಿ ಇನ್ನೂ ಬರುತ್ತಿದೆ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅಷ್ಟು ವರ್ಷಗಳಲ್ಲಿ ನಾನು ಬರುವುದನ್ನು ಕಂಡು "ಬರ್ರಿ, ಕೂಡ್ರಿ" ಅಂತ ನಕ್ಕವರು ಒಬ್ಬರೂ ಇರಲಿಲ್ಲ. ತಾಯಂದಿರು ನನ್ನ ಕಡೆ ಬೆರಳು ಮಾಡಿ ಮಕ್ಕಳಿಗೆ ಉಣಿಸುತ್ತಿದ್ದರು. ಆ ಮಕ್ಕಳು ಹೆದರಿ ಗಬಗಬ ನುಂಗುತ್ತಿದ್ದವು. ಜನ ಮೆಚ್ಚುವಂಥ ಪೊಲೀಸನೊಬ್ಬನನ್ನು ಕಾಗದದ ಮೇಲಾದರೂ ಹುಟ್ಟಿಸಬೇಕು ಅನ್ನುವುದು ನನ್ನ ದೊಡ್ಡ ಆಸೆಯಾಗಿತ್ತು.

ಬಲಗಡೆಯ ಜಪಾನು

ಆಗ ಭಾಲ್ಕಿ ಕಡೆಯ ಒಂದು ಠಾಣೆಯಲ್ಲಿದ್ದೆ. ಎರಡು ವರ್ಷದಿಂದ ಮಳೆ ಇರಲಿಲ್ಲ. ಹೈದರಾಬಾದ್ ಬಸ್ಸು, ಪುಣೆ ಬಸ್ಸು ತುಂಬಿ ಹೋಗುತ್ತಿದ್ದವು, ಖಾಲಿಯಾಗಿ ಬರುತ್ತಿದ್ದವು. ಜಗಳಕ್ಕೆ ಇಬ್ಬರು ಬೇಕಲ್ಲ, ಒಬ್ಬ ಗುಳೆ ಹೋಗಿರುತ್ತಿದ್ದ. ಕಳ್ಳರೂ ಹೋಗಿದ್ದರು. ಠಾಣೆಯ ದಿನಚರಿಯಲ್ಲಿ "ವಿಶೇಷವೇನೂ ಇಲ್ಲ" ಎಂದು ಬರೆದು, ಕಿಟಕಿಯಾಚೆ ಬೇವಿನ ಎಲೆ ಒಂದೊಂದೇ ಬೀಳುವುದನ್ನು ನೋಡುತ್ತ ನಾನು ಸುಖವಾಗಿ ತೇಲುತ್ತಿದ್ದೆ. ಬರಗಾಲದಲ್ಲಿ ಸುಖವಾಗಿದ್ದೆ ಅನ್ನಲು ಈಗ ನಾಚಿಕೆಯಾಗುತ್ತದೆ, ಆದರೆ ಆ ಮಧ್ಯಾಹ್ನಗಳು ಹಾಗಿದ್ದವು.

ಒಮ್ಮೆ ಸಮನ್ಸ್ ಕೊಡಲು ಹೈದರಾಬಾದಿಗೆ ಹೋದಾಗ ಫುಟ್‌ಪಾತಿನ ಹಳೆ ಪುಸ್ತಕಗಳ ರಾಶಿಯಲ್ಲಿ ಒಂದು ದಪ್ಪ ಜಪಾನಿ ಚಿತ್ರಕಥೆ ಸಿಕ್ಕಿತು. ರಕ್ಷಾಪುಟದ ಮೇಲೆ ಇಬ್ಬರು ಪೊಲೀಸರು ಬಾಯಿ ತೆರೆದು ನಗುತ್ತಿದ್ದರು. ಅಕ್ಷರ ಬಾರದಿದ್ದರೇನು, ಚಿತ್ರ ನೋಡಿದರೆ ಸಾಕು ಎಂದು ಠಾಣೆಯಲ್ಲಿ ಕೂತು ಓದಿದೆ. ಮೊದಲ ಪುಟದಲ್ಲೇ ಒಬ್ಬ ಲಾಕಪ್ಪಿನಲ್ಲಿದ್ದ. ಮುಂದೆ ಅವನಿಗೆ ಏಟು ಬಿತ್ತು. ಆಮೇಲೆ ಪೊಲೀಸರು ಅವನನ್ನು ಅಟ್ಟಿಸಿಕೊಂಡು ಹೋದರು. ಎಲ್ಲ ಮುಗಿದ ಮೇಲೆ, ಕೊನೆಯ ಪುಟದಲ್ಲಿ, ಅವನು ನಿಧಾನವಾಗಿ ಒಂದು ಮನೆಗೆ ನುಗ್ಗಿ ಕಳವು ಮಾಡಿದ. ನನಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ.

ನಮ್ಮ ಜಮಾದಾರರು, ಅಂದರೆ ಹೆಡ್ ಕಾನ್‌ಸ್ಟೇಬಲ್, ಹಳೆಯ ಮನುಷ್ಯ. ಬೀದರಿನ ಉರ್ದು ಶಾಲೆಯಲ್ಲಿ ಓದಿದವರು. ಪುಸ್ತಕ ಕೈಗೆ ತೆಗೆದುಕೊಂಡವರೇ ಹಿಂದಿನಿಂದ ತೆರೆದು, ಬಲಗಡೆಯಿಂದ ಎಡಗಡೆಗೆ ಸರಸರ ನೋಡಿ ಮುಗಿಸಿದರು.

"ತಮ್ಮಾ, ನೀ ಎಲ್ಲಿಂದ ಶುರು ಮಾಡ್ದಿ? ಇದು ನಮ್ಮ ಉರ್ದು ಕಿತಾಬಿನಂಗ ಬಲಕ್ಕಿಂದ ಓದೂದು. ಮದ್ಲ ಕಳವು, ಆಮ್ಯಾಲ ಬೆನ್ನ ಹತ್ತೂದು, ಆಮ್ಯಾಲ ಲಾಕಪ್."

"ಹೌದೇನ್ರಿ! ನಂಗ ಅನುಮಾನನೇ ಬರ್ಲಿಲ್ಲ."

"ಕಥಿ ಛಲೋ ಅದ. ಆದ್ರ ಈ ಇಬ್ರು ಪೊಲೀಸರು ಭಾಳ ನಾಲಾಯಕ್ ಇದ್ದಾರ. ಒಬ್ಬ ಹೊಟ್ಟಿಬಾಕ, ಒಬ್ಬ ಜಂಬದವ. ನಗಿ ಬರ್ತದ, ಖರೆ ಪ್ರೀತಿ ಬರೂದು ಕಳ್ಳನ ಮ್ಯಾಲ."

ಅಂಥ ತಪ್ಪನ್ನು ನಾನು ಮಾಡುವುದಿಲ್ಲ, ಜನ ಪ್ರೀತಿಸುವ ಪೊಲೀಸರ ಚಿತ್ರಕಥೆಯನ್ನು ನಾನೇ ಬರೆಯುತ್ತೇನೆ ಅಂತ ಆ ಕ್ಷಣವೇ ಹೇಳಿದೆ. ಜಮಾದಾರರು ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟರು.

"ಬರಿ. ಆದ್ರ ಮದ್ಲ ಹಿಡದು ಆಮ್ಯಾಲ ಕಳವು ಮಾಡಸಬ್ಯಾಡ. ಅದು ಜಪಾನ ಅಲ್ಲ, ನಮ್ಮ ಠಾಣಾ."

ಎರಡು ರೊಟ್ಟಿ

ಬೀದರ ಶಹರದ ಹಳೆ ಓಣಿಯೊಂದರಿಂದ ನಾಲ್ಕು ಪುಟದ ವಾರಪತ್ರಿಕೆ ಬರುತ್ತಿತ್ತು. ಸಂಪಾದಕರು ಕನ್ನಡಕವನ್ನು ಸದಾ ಹಣೆಯ ಮೇಲಿಟ್ಟುಕೊಳ್ಳುವ ಹಿರಿಯರು. ನನ್ನ ಮೊದಲ ಕಂತನ್ನು ಅವರ ಮುಂದೆ ಹರಡಿದೆ. ಅವರು ಕನ್ನಡಕ ಇಳಿಸಿ ನೋಡಿದರು, ಕಾಗದ ತಿರುಗಿಸಿ ನೋಡಿದರು.

"ಇದೇನ್ರಿ? ರೊಟ್ಟಿ ಒಣಾ ಹಾಕೀರೇನು?"

"ಅಲ್ರಿ ಸರ್, ಇಬ್ರು ಪೊಲೀಸರು, ಖಡಕಪ್ಪ ಮತ್ತ ಶಿಸ್ತಪ್ಪ. ಅವು ಅವರ ಟೊಪ್ಪಿಗಿ. ಮ್ಯಾಲಿಂದ ನೋಡಿದ್ದು."

"ಮ್ಯಾಲಿಂದ ಯಾರು ನೋಡ್ಲತ್ತಾರ? ಹದ್ದೇನು?"

ತಪ್ಪು ನನ್ನದಲ್ಲ. ಸೇವೆಗೆ ಸೇರಿದಾಗಿನಿಂದ ನಾನು ಬರೆದ ಚಿತ್ರ ಅಂದರೆ ಪಂಚನಾಮೆಯ ಜೊತೆ ಲಗತ್ತಿಸುವ ಸ್ಥಳದ ನಕ್ಷೆ ಒಂದೇ. ಮನೆ ಅಂದರೆ ಚೌಕ, ಬಾವಿ ಅಂದರೆ ಗುಂಡು, ಕಳ್ಳ ಓಡಿದ ದಾರಿ ಅಂದರೆ ಚುಕ್ಕಿಗೆರೆ, ಮೂಲೆಯಲ್ಲಿ ಉತ್ತರ ದಿಕ್ಕಿನ ಬಾಣ. ಕೈಗೆ ಬಂದದ್ದು ಅದೇ. ಮಾತುಗಳೂ ಹಾಗೇ ಬಂದಿದ್ದವು. ಕಳ್ಳ ಗೋಡೆಯ ಮೇಲೆ ನಿಂತು, "ಸದರಿ ನಾನು ಸದರಿ ಗೋಡೆಯನ್ನು ಹಾರಿ ಪರಾರಿಯಾಗತಕ್ಕವನಿರುತ್ತೇನೆ" ಎನ್ನುತ್ತಿದ್ದ. ಪ್ರತಿ ಚೌಕದ ಕೆಳಗೂ ಇಬ್ಬರು ಪಂಚರ, ಅಂದರೆ ಸಾಕ್ಷಿಗಳ, ಸಹಿ ಇತ್ತು. ಒಂದು ಠಾಣೆಯ ಎದುರಿನ ಚಹಾ ಹೋಟೆಲಿನವನದು, ಇನ್ನೊಂದು ಸೈಕಲ್ ರಿಪೇರಿಯವನದು. ಅವರಿಬ್ಬರೂ ಎಂದಿನಂತೆ ಓದದೆ ಸಹಿ ಹಾಕಿದ್ದರು.

ಸಂಪಾದಕರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಮುಖ ಬೇಕ್ರಿ, ಮುಖ. ಮುಖ ತರ್ರಿ, ವಾರಾ ವಾರಾ ಹಾಕ್ತೇನಿ" ಎಂದರು. ಆದರೆ ಆ ಕಾಗದವನ್ನು ವಾಪಸ್ಸು ಕೊಡಲಿಲ್ಲ. ಮುಂದಿನ ವಾರ ಪತ್ರಿಕೆ ತೆರೆದರೆ ನನ್ನ ಖಡಕಪ್ಪ, ಶಿಸ್ತಪ್ಪ ಇಬ್ಬರೂ ಅಚ್ಚಾಗಿದ್ದರು, ಅಡುಗೆಯ ಅಂಕಣದಲ್ಲಿ, ಸಜ್ಜೆ ರೊಟ್ಟಿ ಮಾಡುವ ವಿಧಾನದ ಪಕ್ಕಕ್ಕೆ.

ಚಹಾ ಕುಡಿಯದವರು

ಕಾಣೆಯಾದವರ ಫೈಲಿನ ಫೋಟೋಗಳನ್ನು ನೋಡಿ ನೋಡಿ ಮುಖ ಬರೆಯಲು ಕಲಿತೆ. ಚಿತ್ರಕಥೆ ಶುರುವಾಯಿತು.

ಖಡಕಪ್ಪ ಎತ್ತರದ ಹವಾಲ್ದಾರ, ಶಿಸ್ತಪ್ಪ ಅವನ ಪೇದೆ. ನನ್ನ ಕನಸಿನ ಪೊಲೀಸರು. ಸುಳ್ಳು ಹೇಳುವುದಿಲ್ಲ, ಬಿಟ್ಟಿ ಚಹಾ ಮುಟ್ಟುವುದಿಲ್ಲ, ಬೂಟಿಗೆ ಧೂಳು ಹತ್ತುವುದಿಲ್ಲ. ದಾರಿಯಲ್ಲಿ ಎಮ್ಮೆ ಅಡ್ಡ ಬಂದರೆ ಅದಕ್ಕೂ ಸಂಚಾರ ನಿಯಮ ತಿಳಿಸಿ ಮುಂದೆ ಹೋಗುತ್ತಾರೆ. ಅವರನ್ನು ಬರೆಯಲು ನನಗೆ ನಾಲ್ಕು ದಿನ ಹಿಡಿಯುತ್ತಿತ್ತು. ಕಳ್ಳನಿಗೆ ಐದು ನಿಮಿಷ ಉಳಿಯುತ್ತಿತ್ತು. ಹಾಗಾಗಿ ಅವನು ಕೈಗೆ ಬಂದಂತೆ ಆಗಿಹೋದ. ಗೋಡೆ ಹತ್ತಿದವನು ಅಲ್ಲೇ ಕೂತು ಮೋಡ ಹುಡುಕುತ್ತಾನೆ, ಏನು ಕದಿಯಲು ಬಂದೆ ಅನ್ನುವುದನ್ನು ಮರೆತು ಮನೆಯವರನ್ನೇ ಎಬ್ಬಿಸಿ ಕೇಳುತ್ತಾನೆ.

ಚಹಾ ಹೋಟೆಲಿನವನು, ನನ್ನ ಕಾಯಂ ಪಂಚ, ಮೊದಲ ವಿಮರ್ಶಕ. "ಕಳ್ಳ ಭಾರಿ ಇದ್ದಾನ್ರಿ, ರೈಟರ್ ಸಾಬ್. ಅವನಿಗಿ ಬಿಟ್ಟಿ ಚಾ ಕೊಡ್ತೇನಿ. ಆದ್ರ ಆ ಇಬ್ರು ಪೊಲೀಸರು ಬಂದ್ರ ನಾ ಶಟರ್ ಇಳಸ್ತೇನಿ."

"ಯಾಕೋ? ಅವರು ಬಿಟ್ಟಿ ಕುಡಿಯೂದೇ ಇಲ್ಲಲ್ಲ!"

"ಅದಕ್ಕೇರಿ. ಚಾ ಕುಡಿಲಾರದವ ಹೋಟೆಲಿಗಿ ಬಂದ್ನಂದ್ರ ರೇಡ್ ಅಂತಲೇ ಅರ್ಥ."

ಮನೆಯಲ್ಲೂ ಅಷ್ಟೇ. ಹೆಂಡತಿ ಪತ್ರಿಕೆ ಓದಿ ಮಡಚಿಟ್ಟಳು. "ಇವರಿಬ್ರಿಗಿ ಮನಿಗಿ ಉಣ್ಣಲಕ್ಕ ಕರೀಬೇಕಂತ ಅನಸೂದಿಲ್ರಿ. ಸಾರಿನ್ಯಾಗ ಉಪ್ಪು ಹೆಚ್ಚಾಗ್ಯಾದಂದ್ರ ಕಲಂ ಹಚ್ತಾರ." ಪತ್ರಿಕೆಯನ್ನು ಮತ್ತೆ ಬಿಡಿಸಿ, "ಆ ಕಳ್ಳ ಪಾಪ. ಹಾಲು ತರಲಕ್ಕ ಹೋದ್ರ ಕ್ಯಾನ್ ಅಲ್ಲೇ ಬಿಟ್ಟು ಬರೂ ಮನಷ್ಯಾ" ಎಂದು ನನ್ನನ್ನೇ ನೋಡುತ್ತ ನಕ್ಕಳು. ಯಾಕೆ ನಕ್ಕಳು ಅಂತ ನನಗೆ ಆಗ ತಿಳಿಯಲಿಲ್ಲ, ಕ್ಯಾನು ಆಗಲೂ ಡೇರಿಯಲ್ಲೇ ಇತ್ತು.

ಸಂಪಾದಕರಿಗೆ ನನ್ನ ಪೊಲೀಸರನ್ನು ಬೈದು ಓದುಗರ ಕಾರ್ಡುಗಳು ಬರತೊಡಗಿದವು. ಅವರು ನನ್ನನ್ನು ಕರೆಸಿ ಕನ್ನಡಕವನ್ನು ಹಣೆಯಿಂದ ತೆಗೆದು ಮೇಜಿನ ಮೇಲಿಟ್ಟರು. ಅದು ಕೆಟ್ಟ ಸುದ್ದಿಯ ಗುರುತು. "ನೋಡ್ರಿ, ಮೂರು ವಾರ ಟೈಮ್ ಕೊಡ್ತೇನಿ. ಅಷ್ಟರಾಗ ನಿಮ್ಮ ಪೊಲೀಸರ ಮ್ಯಾಲ ಒಬ್ಬ ಓದುಗನಿಗರ ಪ್ರೀತಿ ಬರ್ಲಿ. ಇಲ್ಲಂದ್ರ ನಿಲ್ಲಸ್ತೇನಿ."

ಭಾಲ್ಕಿಗೆ ವಾಪಸ್ಸು ಬರುವಾಗ ಬಸ್ಸಿನ ಕಿಟಕಿಯಿಂದ ಬಿಸಿಲುಗುದುರೆ ಕಾಣುತ್ತಿತ್ತು. ಡಾಂಬರಿನ ಮೇಲೆ ಇಲ್ಲದ ನೀರು ಹೊಳೆಯುತ್ತಿತ್ತು, ಆ ನೀರಿನ ಮೇಲೆ ಎರಡು ಟೊಪ್ಪಿಗೆಗಳು ನಡೆದು ಬರುತ್ತಿದ್ದವು. ಬಸ್ಸು ಹತ್ತಿರ ಹೋದಂತೆ ಅವು ಹಿಂದೆ ಸರಿಯುತ್ತಿದ್ದವು. ನನಗೆ ನಿಜವಾಗಿಯೂ ಅಳು ಬಂತು. ಪಕ್ಕದಲ್ಲಿದ್ದ ಅಜ್ಜಿ ಗಾಬರಿಯಾಗಿ, "ಯಪ್ಪಾ, ಪೊಲೀಸರಿಗೂ ಯಾರರ ಹೊಡಿತಾರೇನು?" ಎಂದು ಕೇಳಿದಳು.

ಶಿಸ್ತಪ್ಪನ ನೆಗಡಿ

ಜನರಿಗೆ ಕನಿಕರ ಹುಟ್ಟಲಿ ಅಂತ ಮೊದಲ ವಾರ ಶಿಸ್ತಪ್ಪನಿಗೆ ನೆಗಡಿ ಬರಿಸಿದೆ. ಅವನು ಸೀನಿ ಸೀನಿ ಕಳ್ಳನನ್ನು ಹಿಡಿದ. "ಕಳ್ಳನಿಗಿ ಹತ್ತಿದ್ರ ಹ್ಯಾಂಗ್ರಿ? ಅವಗ ಕೈ ತೊಳಿಲಕ್ಕರ ಹೇಳ್ರಿ" ಎಂದು ಮೂರು ಕಾರ್ಡು ಬಂದವು. ಎರಡನೆಯ ವಾರ ಖಡಕಪ್ಪನಿಂದ ಒಂದು ಹಾಡು ಹಾಡಿಸಿದೆ. ಒಬ್ಬರೂ ಕಾರ್ಡು ಬರೆಯಲಿಲ್ಲ.

ನಮ್ಮ ಪಿಎಸ್‌ಐ ಸಾಹೇಬರು ಒಂದು ದಿನ ಪತ್ರಿಕೆ ಹಿಡಿದು ಚೇಂಬರಿಗೆ ಕರೆದರು. ಖಡಕಪ್ಪನ ಮೀಸೆ ಅವರದೇ ಮೀಸೆ.

"ಇದರಾಗ ನಾ ಯಾರು?" ಎಂದರು.

"ಯಾರೂ ಅಲ್ರಿ ಸಾಹೇಬ್ರ, ಎಲ್ಲಾ ಕಾಲ್ಪನಿಕ."

"ಸುಳ್ಳ ಹೇಳಬ್ಯಾಡ್ರಿ. ಈ ಕಳ್ಳನ ನಗಿ ನನ್ನದೇ ಅದ" ಎಂದು, ಆ ಚಿತ್ರವನ್ನು ಕತ್ತರಿಸಿ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡರು.

ಏಳು ಕೊಡ

ಮೂರನೆಯ ವಾರ ಬಂತು. ಅಷ್ಟರಲ್ಲಿ ನನ್ನನ್ನೂ ಜಮಾದಾರರನ್ನೂ ಔರಾದ ಕಡೆಗೆ ಬಂದೋಬಸ್ತಿಗೆ ಹಾಕಿದ್ದರು. ಠಾಣಾ ಕುಶನೂರ ಎಂಬ ಊರಿಗೆ ಹೋಗುವ ದಾರಿಯ ಒಂದು ಹಳ್ಳಿ. ಕಾಯಬೇಕಾದದ್ದು ನೀರಿನ ಟ್ಯಾಂಕರನ್ನು. ಟ್ಯಾಂಕರು ಇಂಥ ಹೊತ್ತಿಗೆ ಬರುತ್ತದೆ ಅಂತ ಇರಲಿಲ್ಲ. ಹಾಗಾಗಿ ಜನ ನಸುಕಿನಲ್ಲೇ ಬಂದು ತಮ್ಮ ತಮ್ಮ ಕೊಡವನ್ನು ಸಾಲಿನಲ್ಲಿಟ್ಟು ಬೇವಿನ ನೆರಳಿಗೆ ಹೋಗುತ್ತಿದ್ದರು. ಯಾರ ಕೊಡ ಎಲ್ಲಿದೆಯೋ ಅಲ್ಲಿ ಅವರೇ ನಿಂತ ಲೆಕ್ಕ. ಕೆಂಪು, ಹಸಿರು, ನೀಲಿ ಕೊಡಗಳು ಹಳ್ಳಿಯ ಅರ್ಧದವರೆಗೆ ಸುಮ್ಮನೆ ನಿಂತಿರುತ್ತಿದ್ದವು. ಮಧ್ಯಾಹ್ನದ ಬಿಸಿಲಿನಲ್ಲಿ ಅವನ್ನು ಕಾಯುತ್ತ ಕೂತರೆ, ಕೊಡಗಳೇ ಊರಿನ ಜನ, ಎಲ್ಲರೂ ಎಲ್ಲಿಗೋ ಹೊರಟು ನಿಂತಿದ್ದಾರೆ ಅನ್ನಿಸುತ್ತಿತ್ತು. ಗುಳೆ ಹೋದವರ ಜಾಗ ಮಾತ್ರ ಆ ಸಾಲಿನಲ್ಲಿ ಇರಲಿಲ್ಲ.

ನಾನು ಹೀಗೆ ತೇಲುತ್ತಿರುವಾಗ ಜಮಾದಾರರು ಒಬ್ಬನನ್ನು ರಟ್ಟೆ ಹಿಡಿದು ತಂದರು. ನಲವತ್ತರ ಸುಮಾರಿನ ತೆಳ್ಳಗಿನ ಆಸಾಮಿ, ತಲೆಗೆ ಟವೆಲ್, ಬಗಲಲ್ಲಿ ಚೀಲ. ಸಾಲಿನಿಂದ ಏಳು ಕೊಡ ಎತ್ತಿ ಶಾಲೆಯ ಹಿಂದೆ ಅಡಗಿಸಿಟ್ಟಿದ್ದನಂತೆ.

"ಕಳವು ಅಲ್ರಿ ಸಾಹೇಬ್ರ" ಎಂದ ಅವನು. "ಹೈದ್ರಾಬಾದ್ ಬಸ್ಸಿಗಿ ಹೋಗೂದದ. ಕಟ್ಟಡಾ ಕಟ್ಟೂ ಗೌಂಡಿ ಕೆಲಸದ ಮಂದಿ ಕಾಯ್ಲತ್ತಾರ. ಮನ್ಯಾಗ ಅವ್ವಗ ಒಂದು ಕೊಡ ನೀರು ತುಂಬಿಟ್ಟು ಹೋಗಬೇಕು. ನನ್ನ ಕೊಡ ಮುಂದ ಹೋಗಬೇಕಂದ್ರ ಮುಂದಿನ ಕೊಡ ಎಲ್ಲಿಗರ ಹೋಗಬೇಕಲ್ರಿ?"

"ಅದಕ್ಕ ಏಳು ಕೊಡಾನೇ?"

"ಎಂಟನೇದು ನಂದ್ರಿ."

ಅವನನ್ನು ಎದುರಿನ ಬೆಂಚಿನ ಮೇಲೆ ಕೂಡಿಸಿ ಜಪ್ತಿ ಪಂಚನಾಮೆ ಬರೆಯಲು ಕೂತೆ. ಕೊಡ ಏಳು. ಚೀಲ ಒಂದು. ಚೀಲ ಬಿಚ್ಚಿದರೆ ರೊಟ್ಟಿಯ ಗಂಟು, ಒಂದು ಅಂಗಿ, ಮತ್ತೆ ದಾರದಿಂದ ಹೊಲಿದ ಒಂದು ಕಾಗದದ ಕಟ್ಟು. ತೆರೆದು ನೋಡಿದೆ. ನನ್ನ ಖಡಕಪ್ಪ, ನನ್ನ ಶಿಸ್ತಪ್ಪ. ಮೊದಲ ವಾರದಿಂದ ಕಳೆದ ವಾರದವರೆಗೆ ಒಂದೂ ತಪ್ಪದೆ ಕತ್ತರಿಸಿ ಜೋಡಿಸಿದ್ದ. ಸಜ್ಜೆ ರೊಟ್ಟಿಯದೂ ಇತ್ತು.

ನನ್ನ ಪೆನ್ನು ನಿಂತಿತು. "ಇವು ಯಾಕ ಇಟ್ಕೊಂಡಿ?"

"ಹೈದ್ರಾಬಾದ್ನ್ಯಾಗ ನಮ್ಮ ಮಂದಿ ಕೇಳ್ತಾರ್ರಿ. ಅವ್ರಿಗಿ ಓದಲಕ್ಕ ಬರೂದಿಲ್ಲ. ನಾ ಚಿತ್ರಾ ತೋರಸಿ ಹೇಳ್ತೇನಿ. ಭಾಳ ನಗ್ತಾರ."

ನನ್ನ ಜನ್ಮದಲ್ಲಿ ನನಗೆ ಅಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ. "ಇದು ಬರಿಯೂದು ನಾನೇ ಅಪ್ಪಾ" ಎಂದೆ. ಅವನು ಎದ್ದು ನಿಂತು ಎರಡೂ ಕೈಯಿಂದ ನನ್ನ ಕೈ ಹಿಡಿದುಕೊಂಡ. ಅವನ ಕೈ ಕಟ್ಟಿಲ್ಲ ಅನ್ನುವುದನ್ನು ನಾನು ಆಗ ಗಮನಿಸಬೇಕಾಗಿತ್ತು.

"ಒಂದು ಮಾತು ಹೇಳ್ಲೇನ್ರಿ? ಸಿಟ್ಟಾಗಬ್ಯಾಡ್ರಿ. ಆ ಇಬ್ರು ಪೊಲೀಸರು ಒಮ್ಮೆರ ತಪ್ಪು ಮಾಡ್ಲಿ. ತಪ್ಪೇ ಮಾಡ್ಲಾರದವರ ಜೋಡಿ ಕುಂತು ರೊಟ್ಟಿ ತಿನ್ನೂದು ಹ್ಯಾಂಗ್ರಿ?"

ಅವನ ಮುಖದಲ್ಲಿ ಏನೋ ಒಂದು ಬೆಳಕಿತ್ತು. ಇದನ್ನೇ ಬರೆಯಬೇಕು ಅನ್ನಿಸಿತು. "ಸ್ವಲ್ಪ ಹಿಂಗೇ ಕೂಡು, ಅಲಗಬ್ಯಾಡ" ಎಂದು ಹೇಳಿ ಹಾಳೆ ತೆಗೆದೆ. ಆಗಲೇ ಟ್ಯಾಂಕರಿನ ಹಾರ್ನ್ ಕೇಳಿತು. ಊರೆಲ್ಲ ನೆರಳು ಬಿಟ್ಟು ಓಡಿತು, ಜಮಾದಾರರು ಸಾಲು ಸರಿಮಾಡಲು ಓಡಿದರು. ನಾನು ಬರೆಯುತ್ತಿದ್ದೆ. ಗದ್ದಲ ಎಲ್ಲೋ ದೂರದಲ್ಲಿ, ಇನ್ನೊಂದು ಊರಿನಲ್ಲಿ ಆಗುತ್ತಿದ್ದಂತೆ ಇತ್ತು. ಎಷ್ಟು ಹೊತ್ತು ಬರೆದೆನೋ. ಕೊನೆಗೆ ತಲೆಯೆತ್ತಿ, "ಕಣ್ಣು ಈ ಕಡಿ" ಎಂದೆ.

ಬೆಂಚು ಖಾಲಿ ಇತ್ತು. ಏಳು ಕೊಡ ಇದ್ದವು. ಚೀಲ ಇರಲಿಲ್ಲ, ಕಾಗದದ ಕಟ್ಟೂ ಇರಲಿಲ್ಲ. ಊರ ಹೊರಗೆ ಬಸ್ಸಿನ ಧೂಳು ನಿಧಾನವಾಗಿ ನೆಲಕ್ಕೆ ಇಳಿಯುತ್ತಿತ್ತು.

ಸಂಜೆ ಅಲ್ಲಿಯ ಪಿಎಸ್‌ಐ ಸಾಹೇಬರು ಜೀಪಿನಲ್ಲಿ ಬಂದರು. "ಎದುರಿಗೇ ಕೂಡಿಸಿಕೊಂಡು ಅವನ ಚಿತ್ರ ಬರದೀರಂತಲ್ಲ? ಕೊಡ್ರಿ, ಎಲ್ಲಾ ಠಾಣಾಕ್ಕ ಕಳಸೋಣ."

ನಾನು ಹಾಳೆ ಮುಂದೆ ಚಾಚಿದೆ. ಸಂತೋಷದಲ್ಲಿ ನನ್ನ ಕೈ ತನ್ನ ಹಳೆಯ ರೂಢಿಗೆ ಹೋಗಿಬಿಟ್ಟಿತ್ತು. ಉದ್ದನೆಯ ಚೌಕ ಒಂದು, ಅದು ಬೆಂಚು. ಅದರ ಮೇಲೆ ಒಂದು ಗುಂಡು, ಅದು ಆರೋಪಿಯ ತಲೆ. ಬೇವಿನ ಮರದಿಂದ ಆರು ಅಡಿ. ಸಾಹೇಬರು ಮೂಲೆಯ ಬಾಣದ ಮೇಲೆ ಬೆರಳಿಟ್ಟರು.

"ಪರವಾಗಿಲ್ಲ. ಉತ್ತರ ದಿಕ್ಕು ಎಲ್ಲಿ ಅದ ಅಂತಾದ್ರೂ ಗೊತ್ತಾತು" ಎಂದರು.

ನನಗೆ ನೋಟಿಸು ಬಂತು, ಬರಬೇಕಾದದ್ದೇ. ಉತ್ತರ ಬರೆಯುವ ಮೊದಲು ನಾನು ಗಡುವಿನ ಕೊನೆಯ ಕಂತು ಬರೆದೆ, ನಡೆದದ್ದು ನಡೆದ ಹಾಗೆ. ಖಡಕಪ್ಪ ತನ್ನನ್ನು ಹೊಗಳಿದ ಕಳ್ಳನ ಕೈ ಹಿಡಿದುಕೊಂಡು ಕಣ್ಣೊರೆಸಿಕೊಂಡ. ಶಿಸ್ತಪ್ಪ ಅವನ ಚಿತ್ರ ಬರೆಯುತ್ತ ಕೂತ. ಕಳ್ಳ ಹೋದ. ಆಮೇಲೆ ಇಬ್ಬರೂ, ಮೊದಲ ಸಲ, ಧೂಳಿನಲ್ಲೇ ಕೂತು ಚಹಾ ಕುಡಿದರು. ಅವರು ಕೂತದ್ದನ್ನು ಬರೆಯುವಾಗ ನನಗೇ ಕಾಲು ನೋವು ಇಳಿದಂತಾಯಿತು.

ಪತ್ರಿಕೆ ಬಂದ ವಾರ ಅದೇ ಹಳ್ಳಿಗೆ ಬಂದೋಬಸ್ತಿಗೆ ಹೋದೆ. ನನ್ನನ್ನು ದೂರದಿಂದ ನೋಡಿ ಹೆಂಗಸರು ಬೇವಿನ ಕೆಳಗೆ ನಗತೊಡಗಿದರು. ಒಬ್ಬಾಕೆ ಕೂಗಿ ಹೇಳಿದಳು, "ಬರ್ರಿ ಅಣ್ಣಾ, ಕೂಡ್ರಿ! ಇವತ್ತ ಕೊಡ ನಾವೇ ಕಾಯ್ತೇವಿ, ನೀವು ಸುಮ್ನ ಚಿತ್ರಾ ಬರೀರಿ."

ನಾನು ಹೋಗಿ ಕೂತೆ. ಒಂದು ಮಗು ಊಟ ಬಿಟ್ಟು ನನ್ನ ಟೊಪ್ಪಿಗೆ ಹಾಕಿಕೊಂಡಿತು, ಅದರ ತಾಯಿ ಬೈಯಲೂ ಇಲ್ಲ. ಆ ನೆರಳು ನನಗೆ ಇವತ್ತಿಗೂ ಕನಸಿನಲ್ಲಿ ಬರುತ್ತದೆ.

ಸಂಪಾದಕರು ಚಿತ್ರಕಥೆ ನಿಲ್ಲಿಸಲಿಲ್ಲ. ಕಾರ್ಡುಗಳ ಕಟ್ಟನ್ನೇ ಕಳಿಸಿಕೊಟ್ಟರು. ಅದರಲ್ಲಿ ಒಂದಕ್ಕೆ ಹೆಸರಿರಲಿಲ್ಲ, ಸಹಿಯೂ ಇರಲಿಲ್ಲ. ಸಿಮೆಂಟಿನ ಬೆರಳಚ್ಚು ಮಾತ್ರ ಚೆನ್ನಾಗಿ ಮೂಡಿತ್ತು.

"ಈ ವಾರ ಪೊಲೀಸರು ಭಾಳ ಛಲೋ ಬಂದಾರ್ರಿ. ಇಲ್ಲಿ ಮಂದಿ ನಕ್ಕು ನಕ್ಕು ಬಿದ್ರು. ಆದ್ರ ಕಳ್ಳನ ಮೂಗು ಹಂಗಿಲ್ರಿ, ಸ್ವಲ್ಪ ಉದ್ದ ಅದ."

ಜಮಾದಾರರು ಕಾರ್ಡನ್ನು ಬಲಗಡೆಯಿಂದ ಎಡಗಡೆಗೆ ಒಮ್ಮೆ ನೋಡಿದರು. "ಅರೇ, ಇದು ಅವನೇ!" ಎಂದು ಅಂಚೆಯ ಮುದ್ರೆ ಓದಲು ಭೂತಗನ್ನಡಿ ತರಲು ಓಡಿದರು.

ನಾನು ರಬ್ಬರ್ ತೆಗೆದುಕೊಂಡು ಮೂಗು ತಿದ್ದಲು ಕೂತೆ.